ಜಿಬ್ ಇಳಿಸುವ ಹಗ್ಗ: ಸಣ್ಣ ಹಾಯಿದೋಣಿಗೆ ಯಾವ ಜೋಡಣೆ ಒಳ್ಳೆಯದು?

ಗಾಳಿ ಏರಿದಾಗ ಮೊದಲು ತಲೆನೋವು ಕೊಡುವುದು ಮುಂದಿನ ಹಾಯಿ, ಅಂದರೆ ಜಿಬ್. ಮೇನ್ ಹಾಯಿ ಕೈಗೆ ಸಿಗುವ ದೂರದಲ್ಲಿರುತ್ತದೆ. ಇಳಿಸಿದರೆ ಅದರ ಕೆಳಗಿನ ಅಡ್ಡಮರ, ಅಂದರೆ ಬೂಮ್ ಮೇಲೆ ಬೀಳುತ್ತದೆ, ಹೇಗೋ ಸುತ್ತಿ ಕಟ್ಟಬಹುದು. ಜಿಬ್ ಇರುವುದು ದೋಣಿಯ ಮೂತಿಯಲ್ಲಿ. ಅದನ್ನು ಎತ್ತಿ ಹಿಡಿದಿರುವ ಹಗ್ಗ, ಅಂದರೆ ಹಾಲ್ಯಾರ್ಡ್ ಬಿಟ್ಟರೆ ಅರ್ಧ ಇಳಿದು ಅಲ್ಲೇ ನಿಂತುಬಿಡುತ್ತದೆ. ಪೂರ್ತಿ ಇಳಿದರೂ ಒಂದು ಜೋರು ಗಾಳಿ ಒಳನುಗ್ಗಿದರೆ ಸಾಕು, ಮಾಸ್ಟ್‌ನಿಂದ (ಹಾಯಿಕಂಬದಿಂದ) ಮೂತಿಗೆ ಬಿಗಿದಿರುವ ಫೋರ್‌ಸ್ಟೇ ತಂತಿ ಹಿಡಿದು ಮತ್ತೆ ಮೇಲೆ ಹತ್ತುತ್ತದೆ. ಆಗ ಯಾರಾದರೂ ಮುಂದೆ ಹೋಗಿ ಕೈಯಲ್ಲಿ ಎಳೆಯಬೇಕು.

ಸಣ್ಣ ದೋಣಿಯಲ್ಲಿ ಹೀಗೆ ಮುಂದೆ ಹೋಗುವುದೇ ಕಷ್ಟ. 18 ಅಡಿ ದೋಣಿಯ ಮೂತಿಗೆ ಒಬ್ಬ ದೊಡ್ಡವರ ತೂಕ ಬಿದ್ದರೆ ಮೂತಿ ತಗ್ಗುತ್ತದೆ, ಹಿಂಭಾಗ ಏಳುತ್ತದೆ. ಚುಕ್ಕಾಣಿಯ ಹಲಗೆ ನೀರಿನಲ್ಲಿ ಇರಬೇಕಾದಷ್ಟು ಆಳದಲ್ಲಿ ಇರುವುದಿಲ್ಲ. ದೋಣಿಯನ್ನು ನೇರ ಹಿಡಿಯಲೇಬೇಕಾದ ಹೊತ್ತಿನಲ್ಲೇ ಅದು ಮಾತು ಕೇಳುವುದನ್ನು ಬಿಡುತ್ತದೆ. ಒಬ್ಬರೇ ಇದ್ದರಂತೂ ಚುಕ್ಕಾಣಿ ಹಿಡಿಯಲೂ ಯಾರಿಲ್ಲ.

ಇದಕ್ಕೆ ಹಳೆಯ ಪರಿಹಾರ ಡೌನ್‌ಹಾಲ್. ಜಿಬ್‌ನ ತಲೆಗೆ ಒಂದು ತೆಳು ಹಗ್ಗ ಕಟ್ಟಿ, ಫೋರ್‌ಸ್ಟೇ ಪಕ್ಕದಲ್ಲೇ ಕೆಳಗೆ ತಂದು, ಮೂತಿಯಲ್ಲಿ ಒಂದು ಪುಟ್ಟ ರಾಟೆಯ ಮೂಲಕ ತಿರುಗಿಸಿ, ಕೂತು ದೋಣಿ ನಡೆಸುವ ಜಾಗ, ಅಂದರೆ ಕಾಕ್‌ಪಿಟ್‌ವರೆಗೆ ಎಳೆದುಕೊಳ್ಳುವುದು. ಅಷ್ಟೇ. ಚೌಕ ಹಾಯಿಯ ದೊಡ್ಡ ಹಡಗುಗಳಲ್ಲೂ ಮೂತಿಯಿಂದ ಮುಂದಕ್ಕೆ ಚಾಚಿದ ಮರದ (ಬೌಸ್ಪ್ರಿಟ್) ಮೇಲಿನ ಹಾಯಿಗಳನ್ನು ಇಳಿಸಲು ಇಂಥದ್ದೇ ಹಗ್ಗ ಇರುತ್ತಿತ್ತು. ಜಿಬ್‌ನ ಮುಂದಿನ ಅಂಚನ್ನು ಬಿಗಿ ಮಾಡುವ ಹಗ್ಗಕ್ಕೂ ಕೆಲವರು ಇದೇ ಹೆಸರು ಹೇಳುತ್ತಾರೆ. ಅದರ ಕೆಲಸ ಬೇರೆ, ಇಲ್ಲಿ ಅದರ ಮಾತಿಲ್ಲ.

ಅವಸರದಲ್ಲಿರುವವರಿಗೆ ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. 5 ಮಿ.ಮೀ. ಪಾಲಿಯೆಸ್ಟರ್ ಹಗ್ಗ. ಹಾಲ್ಯಾರ್ಡನ್ನು ಹಾಯಿಗೆ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಶ್ಯಾಕಲ್‌ಗೇ ಗಂಟು. ಹಾಯಿಯನ್ನು ಫೋರ್‌ಸ್ಟೇಗೆ ಹಿಡಿಸುವ ಕೊಂಡಿಗಳಲ್ಲಿ (ಹ್ಯಾಂಕ್) ಮೇಲಿನದರ ಒಳಗಿಂದ ತೂರಿಸಿ, ಆಮೇಲೆ ಒಂದು ಬಿಟ್ಟು ಒಂದು. ಹಾಯಿಯ ಮುಂದಿನ ಕೆಳಮೂಲೆ, ಅಂದರೆ ಟ್ಯಾಕ್‌ಗೆ ಆದಷ್ಟು ಹತ್ತಿರ, ತಗ್ಗಿನಲ್ಲಿ ಒಂದು ಉರುಳುವ ರಾಟೆ. ಕೊನೆ ಇರಬೇಕಾದ್ದು ಹಾಲ್ಯಾರ್ಡ್ ಪಕ್ಕದಲ್ಲೇ. ಇನ್ನು ಯಾಕೆ ಹೀಗೆ, ಯಾರಿಗೆ ಬೇರೆ ದಾರಿ ಸರಿ ಅನ್ನುವುದನ್ನು ನೋಡೋಣ.

ಡೌನ್‌ಹಾಲ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಜಿಬ್ ಹ್ಯಾಂಕ್‌ಗಳಲ್ಲಿ ತೂಗುತ್ತಿದ್ದರೆ, ಅಂದರೆ ಫೋರ್‌ಸ್ಟೇ ತಂತಿಗೆ ಕೊಂಡಿಗಳಿಂದ ಸಿಕ್ಕಿಸಿದ್ದರೆ ಮಾತ್ರ ಈ ಹಗ್ಗಕ್ಕೆ ಅರ್ಥ. ಹ್ಯಾಂಕ್ ಇಲ್ಲದೆ, ಮುಂದಿನ ಅಂಚಿನೊಳಗೇ ತಂತಿ ಹೊಲಿದ ಡಿಂಗಿ (ಪುಟ್ಟ ತೆರೆದ ದೋಣಿ) ಜಿಬ್‌ಗಳಿಗೆ ಇದು ಹೊಂದುವುದಿಲ್ಲ. ರೋಲರ್ ಫರ್ಲರ್ ಇರುವವರಿಗೂ ಬೇಡ. ಅಲ್ಲಿ ಹಾಯಿ ಫೋರ್‌ಸ್ಟೇ ಸುತ್ತಲೇ ಸುರುಳಿ ಸುತ್ತಿಕೊಳ್ಳುತ್ತದೆ. ಕೆಳಗೆ ಇಳಿಸಿದರೆ ಅದರ ಅಂಚು ಕೂರುವ ತೋಡಿನಿಂದ ಪೂರ್ತಿ ಕಳಚಿಕೊಂಡು ಡೆಕ್ ಮೇಲೆಲ್ಲ ಹರಡುತ್ತದೆ.

ಹಾಗಾದರೆ ಫರ್ಲರ್ ಹಾಕಿಸುವುದೇ ಒಳ್ಳೆಯದಲ್ವಾ? ಈ ಪ್ರಶ್ನೆ ಬಂದೇ ಬರುತ್ತದೆ. ಫರ್ಲರ್‌ನ ಸುಖ ದೊಡ್ಡದು. ಒಂದು ಹಗ್ಗ ಎಳೆದರೆ ಹಾಯಿ ಮಾಯ, ಬಿಟ್ಟರೆ ಹಾಜರ್. ಗಾಳಿ ನೋಡಿಕೊಂಡು ಸ್ವಲ್ಪ ಸುತ್ತಿಯೂ ಇಡಬಹುದು. ಆದರೆ ಅರ್ಧ ಸುತ್ತಿದ ಜಿಬ್ ಹೊಟ್ಟೆ ಉಬ್ಬಿಸಿಕೊಂಡ ಆಕಾರಕ್ಕೆ ಬರುತ್ತದೆ. ಗಾಳಿಗೆ ಎದುರಾಗಿ ಹೋಗಬೇಕಾದಾಗ ಬೇಕಾದ್ದು ಚಪ್ಪಟೆ ಹಾಯಿ, ಸಿಗುವುದು ಅದರ ಉಲ್ಟಾ. ಹಾಲ್ಯಾರ್ಡ್ ಮೇಲೆ ಫೋರ್‌ಸ್ಟೇಗೆ ತೀರ ಹತ್ತಿರ ಸಮಾನಾಂತರವಾಗಿ ಹೋಗುತ್ತಿದ್ದರೆ, ಸುತ್ತುವಾಗ ಅದೂ ಜೊತೆಗೇ ಸುತ್ತಿಕೊಂಡು ಕಚ್ಚಿ ಕೂರುತ್ತದೆ. ಆಗ ಹಾಯಿ ಸುತ್ತಲೂ ಬರುವುದಿಲ್ಲ, ಇಳಿಸಲೂ ಬರುವುದಿಲ್ಲ. ಬುಡದಲ್ಲಿ ಹಗ್ಗ ಸುತ್ತಿಕೊಳ್ಳುವ ಉರುಳೆ, ಅಂದರೆ ಡ್ರಮ್ ಮೇಲೆ ಹಗ್ಗ ಒಂದರ ಮೇಲೊಂದು ಹತ್ತಿ ಸಿಕ್ಕಿಕೊಂಡರೂ ಅದೇ ಪಾಡು. ಜೊತೆಗೆ ಸುತ್ತಿದ ಹಾಯಿ ಸದಾ ಬಿಸಿಲಲ್ಲೇ ಇರುವುದರಿಂದ ಅಂಚಿಗೆ ಬಿಸಿಲು ತಡೆಯುವ ಬಟ್ಟೆ ಹೊಲಿಸಬೇಕು. ಅದರ ತೂಕವೂ ಹಾಯಿಯ ಮೇಲೇ.

ದಿನದಲ್ಲಿ ನಾಲ್ಕು ಸಲ ಜಿಬ್ ಚಿಕ್ಕದು ಮಾಡಿ ದೊಡ್ಡದು ಮಾಡುವವರಿಗೆ, ಮಂಡಿ ಸೊಂಟ ಬಗ್ಗದವರಿಗೆ, ಫರ್ಲರ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಗಾಳಿಗೆ ತಕ್ಕ ಎರಡು ಜಿಬ್ ಇಟ್ಟುಕೊಂಡು ಬದಲಾಯಿಸುವವರಿಗೆ, ಟ್ರೇಲರ್ ಮೇಲೆ ದೋಣಿ ಸಾಗಿಸಿ ಪ್ರತಿ ಸಲ ಮಾಸ್ಟ್ ಎಬ್ಬಿಸುವವರಿಗೆ ಹ್ಯಾಂಕ್ ಮತ್ತು ಡೌನ್‌ಹಾಲ್ ಸಾಕು. ಕೆಟ್ಟರೆ ರಿಪೇರಿಗೆ ಒಂದು ತುಂಡು ಹಗ್ಗ ಸಾಕಾಗುವ ಜೋಡಣೆ ಅದು.

ಇನ್ನೊಂದು ಬಿಟ್ಟಿ ಆಯ್ಕೆಯೂ ಇದೆ. ಕೆಲವು 20 ಅಡಿ ಆಸುಪಾಸಿನ ದೋಣಿಗಳಲ್ಲಿ ಮುಂದಿನ ಹ್ಯಾಚ್ (ಡೆಕ್‌ನಲ್ಲಿರುವ ಮುಚ್ಚಳದ ಬಾಗಿಲು) ಸಾಕಷ್ಟು ಮುಂದಿರುತ್ತದೆ. ಅದರಲ್ಲಿ ಸೊಂಟದವರೆಗೆ ನಿಂತು ಕೈ ಚಾಚಿದರೆ ಜಿಬ್ ಸಿಗುತ್ತದೆ. ದೋಣಿಯೊಳಗೇ ನಿಂತಿರುತ್ತೀರಿ, ಬೀಳುವ ಭಯವಿಲ್ಲ. ಜೊತೆಗೆ ಚುಕ್ಕಾಣಿಗೆ ಇನ್ನೊಬ್ಬರು ಇರುವವರಿಗೆ ಇಷ್ಟೇ ಸಾಕು, ಸುಮ್ನೆ ಹಗ್ಗ ರಾಟೆ ಅಂತ ಡೆಕ್ ತುಂಬಬೇಡಿ.

ತಲೆಯಲ್ಲಿ ಎಲ್ಲಿ ಕಟ್ಟುವುದು

ಮೂರು ಜಾಗಗಳಿವೆ: ಹಾಯಿಯ ತಲೆಯ ಕಣ್ಣು, ಹಾಲ್ಯಾರ್ಡ್‌ನ ಶ್ಯಾಕಲ್, ಅಥವಾ ಎಲ್ಲಕ್ಕಿಂತ ಮೇಲಿನ ಹ್ಯಾಂಕ್.

ತಲೆಯ ಕಣ್ಣಿಗೆ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ತೊಂದರೆ ಇಷ್ಟೇ: ಆ ಕಣ್ಣು ತಂತಿಯಿಂದ ಕೆಲವು ಸೆಂಟಿಮೀಟರ್ ಹಿಂದಿರುತ್ತದೆ. ಅಲ್ಲಿಂದ ಕೆಳಗೆ ಎಳೆದರೆ ಎಳೆತ ತಂತಿಯ ಗೆರೆಯಲ್ಲಿ ಬೀಳುವುದಿಲ್ಲ, ಪಕ್ಕದಲ್ಲಿ ಬೀಳುತ್ತದೆ. ಮೇಲಿನ ಹ್ಯಾಂಕ್ ಓರೆಯಾಗಿ ತಂತಿಯನ್ನು ಕಚ್ಚುತ್ತದೆ. ಹಳೆಯ ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದರೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಜೋರಾಗಿ ಎಳೆದಷ್ಟೂ ಇನ್ನೂ ಬಿಗಿಯಾಗಿ ಕಚ್ಚುತ್ತದೆ.

ಮೇಲಿನ ಹ್ಯಾಂಕ್‌ಗೇ ಕಟ್ಟಿದರೆ ಎಳೆತ ತಂತಿಯ ಉದ್ದಕ್ಕೇ ಬರುತ್ತದೆ, ಜಾರುವುದು ಸಲೀಸು. ಆದರೆ ಹ್ಯಾಂಕನ್ನು ಹಾಯಿಗೆ ಕಟ್ಟಿರುವ ದಾರದ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ಹಳೆಯ ಹಾಯಿಯಲ್ಲಿ ಆ ಹೊಲಿಗೆ ಸವೆದಿರುವುದೇ ಜಾಸ್ತಿ.

ಶ್ಯಾಕಲ್‌ಗೆ ಕಟ್ಟುವುದರ ಲಾಭ ಬೇರೆಯೇ. ಜಿಬ್ ಬದಲಾಯಿಸುವಾಗ ಶ್ಯಾಕಲ್ ಕೈಜಾರಿದರೆ ಹಾಲ್ಯಾರ್ಡ್ ಸರ್ರನೆ ಮಾಸ್ಟ್ ತುದಿಗೆ ಹೋಗಿ ಕೂತುಬಿಡಬಹುದು. ಡೌನ್‌ಹಾಲ್ ಅದಕ್ಕೇ ಕಟ್ಟಿದ್ದರೆ ಎಳೆದು ಕೆಳಗೆ ತರಬಹುದು. ಹಾಯಿ ಯಾವುದೇ ಇರಲಿ, ಗಂಟು ಬಿಚ್ಚಿ ಕಟ್ಟುವ ಕೆಲಸವೂ ಇಲ್ಲ. ಓರೆಯಾಗುವ ತೊಂದರೆ ಇಲ್ಲೂ ಇದೆ ನಿಜ. ಅದಕ್ಕೆ ಹಗ್ಗವನ್ನು ಶ್ಯಾಕಲ್‌ನಿಂದ ಸೀದಾ ಮೇಲಿನ ಹ್ಯಾಂಕ್‌ನ ಬಾಯೊಳಗೆ, ತಂತಿಯ ಪಕ್ಕದಲ್ಲಿ ತೂರಿಸಿ. ಆಗ ಎಳೆತ ತಂತಿಯ ಗೆರೆಗೆ ಬರುತ್ತದೆ. ಗಂಟಿಗೆ ಚಿಕ್ಕ ಬೋಲೈನ್ (ಜಾರದ ಕುಣಿಕೆ) ಸಾಕು. ದಪ್ಪ ಗಂಟು ಬೇಡ, ಮೇಲೆ ಮಾಸ್ಟ್‌ನ ರಾಟೆಯ ಹತ್ತಿರ ಹೋಗಿ ತಡೆಯುತ್ತದೆ.

ಹ್ಯಾಂಕ್‌ಗಳ ಒಳಗಾ, ಹೊರಗಾ?

ಇಲ್ಲಿ ಜನ ಎರಡು ಪಂಗಡ. ಎಲ್ಲ ಹ್ಯಾಂಕ್ ಒಳಗಿಂದಲೂ ತೂರಿಸಬೇಕು ಎನ್ನುವವರು ಒಂದು ಕಡೆ, ಯಾವುದರೊಳಗೂ ಬೇಡ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ.

ಎಲ್ಲದರೊಳಗೂ ತೂರಿಸಿದರೆ ಹಗ್ಗ ಅಚ್ಚುಕಟ್ಟಾಗಿರುತ್ತದೆ, ಎಲ್ಲೂ ಹಾರುವುದಿಲ್ಲ. ಆದರೆ ಘರ್ಷಣೆ ಏರುತ್ತದೆ. ಹಾಯಿ ಇಳಿಯುವಾಗ ಹ್ಯಾಂಕ್‌ಗಳು ಕೆಳಗೆ ಒಂದರ ಮೇಲೊಂದು ಕೂರುತ್ತವೆ. ಒಂದು ಎಡಕ್ಕೆ ವಾಲುತ್ತದೆ, ಮುಂದಿನದು ಬಲಕ್ಕೆ. ಅವುಗಳ ನಡುವೆ ಹಗ್ಗ ಹಾವಿನಂತೆ ಅಂಕುಡೊಂಕಾಗಿ ಹಾಯಬೇಕಾಗುತ್ತದೆ. ಕೊನೆಯ ಒಂದು ಮೀಟರ್ ಇಳಿಸಲು ಬಲ ಹಾಕಬೇಕು. ಮತ್ತೆ ಜಿಬ್ ಬದಲಾಯಿಸಬೇಕಾದರೆ ಪ್ರತಿ ಹ್ಯಾಂಕ್‌ನಲ್ಲೂ ತಂತಿಯ ಜೊತೆ ಹಗ್ಗವನ್ನೂ ಹಿಡಿದು ಸಿಕ್ಕಿಸಬೇಕು. ಕುಣಿಯುವ ಮೂತಿಯ ಮೇಲೆ ಮಂಡಿಯೂರಿ, ಒದ್ದೆ ಬೆರಳಲ್ಲಿ ಹ್ಯಾಂಕ್‌ನ ಬಾಯಿ ಮುಚ್ಚುವ ಪಿಸ್ಟನ್ ಹಿಂದಕ್ಕೆ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ತಂತಿ, ಹಗ್ಗ ಎರಡನ್ನೂ ಒಂದೇ ಬಾಯಿಗೆ ತುರುಕುವ ಕೆಲಸ ಅದು. ಎರಡು ಕೈ ಸಾಲುವುದಿಲ್ಲ.

ಹೊರಗೇ ಬಿಟ್ಟರೆ ಹಾಯಿ ಬದಲಾಯಿಸುವುದು ಸುಲಭ, ಘರ್ಷಣೆ ಇಲ್ಲವೇ ಇಲ್ಲ. ಆದರೆ ಹಾಯಿ ಮೇಲಿದ್ದಾಗ ಸಡಿಲ ಹಗ್ಗ ಗಾಳಿ ಹೋಗುವ ಬದಿಗೆ ಬಿಲ್ಲಿನಂತೆ ಉಬ್ಬುತ್ತದೆ. ಜಿಬ್‌ನ ಮುಂದಿನ ಅಂಚಿಗೆ ಟಪಟಪ ಬಡಿಯುತ್ತಲೇ ಇರುತ್ತದೆ. ಆ ಸದ್ದು ಸಹಿಸಿದರೂ ಹಾಯಿಯ ಬಟ್ಟೆ ಸವೆಯುತ್ತದೆ. ಬಿಗಿ ಮಾಡಿ ಕಟ್ಟಿದರೆ ಜಿಬ್‌ನ ತಲೆಯನ್ನು ಸದಾ ಕೆಳಗೆ ಜಗ್ಗುತ್ತದೆ. ಹಾಯಿ ಇಳಿದ ಮೇಲೆ ಹಗ್ಗ ಯಾವ ಮಡಿಕೆಯೊಳಗೆ ಸಿಕ್ಕಿಕೊಂಡಿದೆ ಅಂತ ಹುಡುಕುವುದು ಬೇರೆ.

ಒಂದು ಬಿಟ್ಟು ಒಂದು ಹ್ಯಾಂಕ್ ಒಳಗೆ ತೂರಿಸುವುದು ನಡುವಿನ ದಾರಿ. ತುಂಬ ಸಣ್ಣ ಜಿಬ್ ಆದರೆ ಮೇಲಿನದು, ಮಧ್ಯದ್ದು ಎರಡೇ ಸಾಕು. ಕೆಳಗಿನ ಹ್ಯಾಂಕ್ ಒಳಗೆ ಮಾತ್ರ ತೂರಿಸಬೇಡಿ. ಅಲ್ಲಿಂದ ರಾಟೆಗೆ ಹೋಗುವ ಗೆರೆ ನೇರವಾಗಿರಬೇಕು.

ಲೋಹದ ಪಿಸ್ಟನ್ ಹ್ಯಾಂಕ್ ಬದಲು ಹಗ್ಗದ ಮೆತ್ತನೆ ಹ್ಯಾಂಕ್ ಹಾಕಿದವರಿಗೆ ಒಂದು ಎಚ್ಚರಿಕೆ. ಅವುಗಳ ಬಾಯಿ ತಂತಿಯ ಸುತ್ತ ಬಿಗಿಯಾಗಿದ್ದರೆ ಇನ್ನೊಂದು ಹಗ್ಗಕ್ಕೆ ಜಾಗವಿರುವುದಿಲ್ಲ. ಅಂಥ ಕಡೆ ಹಗ್ಗ ಹೊರಗಿರಲಿ, ಅಥವಾ ಒಂದೆರಡು ಹ್ಯಾಂಕ್‌ನ ಬುಡಕ್ಕೆ ಚಿಕ್ಕ ಉಂಗುರ ಹೊಲಿಸಿ ಅದರೊಳಗೆ ಬಿಡಿ.

ಕೆಳಗಿನ ರಾಟೆ

ಹಗ್ಗ ಮೇಲಿಂದ ಬಂದು ಹಿಂದಕ್ಕೆ ತಿರುಗುವ ಈ ಜಾಗದಲ್ಲಿ ತಿರುವು ಸಮಕೋನಕ್ಕಿಂತ ಜಾಸ್ತಿ. ಫೋರ್‌ಸ್ಟೇ ಮುಂದಕ್ಕೆ ಇಳಿಜಾರಾಗಿರುತ್ತದೆ, ಹಗ್ಗ ಅದೇ ದಿಕ್ಕಿನಲ್ಲಿ ಬಂದು ಪೂರ್ತಿ ಹಿಂದಕ್ಕೆ ಹೊರಳಬೇಕು. ಆದ್ದರಿಂದ ಉಂಗುರಕ್ಕಿಂತ ಉರುಳುವ ರಾಟೆ ಮೇಲು. ನುಣುಪು ಅಲ್ಯೂಮಿನಿಯಂ ಉಂಗುರಗಳು ಈಗ ಎಲ್ಲ ಕಡೆ ಬಳಕೆಯಲ್ಲಿವೆ, ಸಣ್ಣ ತಿರುವಿಗೆ ಚೆನ್ನಾಗಿವೆ. ಇಷ್ಟು ದೊಡ್ಡ ತಿರುವಿನಲ್ಲಿ ಅವುಗಳ ಘರ್ಷಣೆ ಕೈಗೆ ಗೊತ್ತಾಗುತ್ತದೆ. 20ರಿಂದ 25 ಮಿ.ಮೀ. ಚಕ್ರದ ರಾಟೆ ಧಾರಾಳ ಸಾಕು, ಇಲ್ಲಿ ಭಾರ ಏನೂ ಇಲ್ಲ.

ಜಾಗ ಮಾತ್ರ ಮುಖ್ಯ. ಡೆಕ್ ಮೇಲೆ ಖಾಲಿ ಜಾಗ ಕಂಡಿತೆಂದು ಒಂದು ಅಡಿ ಹಿಂದೆ ಸ್ಕ್ರೂ ಹೊಡೆದರೆ ಎಳೆತ ಹಿಂದಕ್ಕೆ ಓರೆಯಾಗುತ್ತದೆ. ಮತ್ತೆ ಅದೇ ಹ್ಯಾಂಕ್ ಕಚ್ಚುವ ಕಥೆ. ಟ್ಯಾಕ್ ಸಿಕ್ಕಿಸುವ ಲೋಹದ ತಗಡಿನಲ್ಲೇ ಒಂದು ತೂತು ಖಾಲಿ ಇರುತ್ತದೆ ಬಹಳ ಸಲ. ಅಲ್ಲಿಗೆ ತೆಳು ಹಗ್ಗದಿಂದ ನಾಲ್ಕು ಸುತ್ತು ಬಿಗಿದರೆ ಆಯಿತು, ತೂತು ಕೊರೆಯುವ ಕೆಲಸವೂ ಉಳಿಯಿತು. ಎತ್ತರ ಹೇಗಿರಬೇಕೆಂದರೆ, ಹ್ಯಾಂಕ್‌ಗಳೆಲ್ಲ ಕೆಳಗೆ ಕೂತಾಗಲೂ ರಾಟೆ ಅವುಗಳ ಕೆಳಗೇ ಇರಬೇಕು.

ಕಾಕ್‌ಪಿಟ್‌ಗೆ ತರುವ ದಾರಿ

ಮೊದಲು ಒಂದು ಪ್ರಶ್ನೆ: ನಿಮ್ಮ ಜಿಬ್ ಹಾಲ್ಯಾರ್ಡ್ ಎಲ್ಲಿ ಕೊನೆಯಾಗುತ್ತದೆ? ಮಾಸ್ಟ್ ಮೇಲಿನ ಕ್ಲೀಟ್‌ನಲ್ಲೇ (ಹಗ್ಗ ಬಿಗಿದು ನಿಲ್ಲಿಸುವ ಹಿಡಿ) ಇದ್ದರೆ ಡೌನ್‌ಹಾಲ್ ಮಾತ್ರ ಕಾಕ್‌ಪಿಟ್‌ಗೆ ತಂದು ಪ್ರಯೋಜನವಿಲ್ಲ. ಹಾಲ್ಯಾರ್ಡ್ ಬಿಚ್ಚಲು ಹೇಗೂ ಮಾಸ್ಟ್ ಹತ್ತಿರ ಹೋಗಲೇಬೇಕು. ಅಂಥ ದೋಣಿಯಲ್ಲಿ ಡೌನ್‌ಹಾಲನ್ನೂ ಮಾಸ್ಟ್ ಬುಡಕ್ಕೇ ತನ್ನಿ, ಇಲ್ಲವಾದರೆ ಎರಡನ್ನೂ ಹಿಂದಕ್ಕೆ ತನ್ನಿ. ಅರ್ಧ ಕೆಲಸ ಮಾಡಿದರೆ ಎರಡು ಕಡೆ ಓಡಾಟ.

ಎರಡೂ ಒಂದೇ ಬದಿಯಲ್ಲಿ, ಅಕ್ಕಪಕ್ಕ ಇದ್ದರೆ ತುಂಬ ಅನುಕೂಲ. ಒಂದು ಕೈಯಲ್ಲಿ ಹಾಲ್ಯಾರ್ಡ್ ಬಿಡುತ್ತಾ ಇನ್ನೊಂದರಲ್ಲಿ ಡೌನ್‌ಹಾಲ್ ಎಳೆಯಬಹುದು. ಡೆಕ್ ಅಂಚಿನ ಕಂಬಿಗಳ ಬುಡದಲ್ಲಿ ಚಿಕ್ಕ ಉಂಗುರ ಕಟ್ಟಿ ಅದರೊಳಗೆ ತರುವುದು ಒಂದು ದಾರಿ. ಇಲ್ಲಿ ತಿರುವು ಕಡಿಮೆ, ಉಂಗುರ ಸಾಕು. ಕ್ಯಾಬಿನ್ ಮೇಲಿಂದ ತರುವುದು ಇನ್ನೊಂದು, ಇದಕ್ಕೆ ರಾಟೆ ಜಾಸ್ತಿ ಬೇಕು, ಆದರೆ ಕಾಲಿಗೆ ಸಿಗುವುದಿಲ್ಲ. ನಡೆಯುವ ಜಾಗದ ನಡುವೆ ಮಾತ್ರ ಬಿಡಬೇಡಿ. ಪಾದದ ಕೆಳಗೆ ದುಂಡು ಹಗ್ಗ ಉರುಳಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಕ್ಲೀಟ್ ವಿಷಯದಲ್ಲಿ ನನಗೆ ಕ್ಯಾಮ್ ಕ್ಲೀಟ್ ಇಷ್ಟ. ಒಂದೇ ಕೈಯಲ್ಲಿ ಎಳೆದು ಬಿಟ್ಟರೆ ತಾನೇ ಹಿಡಿದುಕೊಳ್ಳುತ್ತದೆ. ಆದರೆ ಹಾಯಿ ಏರಿಸುವಾಗ ಹಗ್ಗ ಅದರ ಹಲ್ಲಿನಿಂದ ಹೊರಗಿರಬೇಕು. ಇಲ್ಲವಾದರೆ ಜಿಬ್ ಅರ್ಧಕ್ಕೆ ನಿಲ್ಲುತ್ತದೆ, ನೀವು ಮೇಲೆ ಏನೋ ಸಿಕ್ಕಿದೆ ಅಂದುಕೊಂಡು ಹಾಲ್ಯಾರ್ಡ್ ಇನ್ನೂ ಜೋರಾಗಿ ಜಗ್ಗುತ್ತೀರಿ. ಎರಡು ಕೊಂಬಿನ ಸಾದಾ ಕ್ಲೀಟ್‌ಗೆ ನಿಧಾನ ಜಾಸ್ತಿ, ಆದರೆ ಅದು ತಾನಾಗಿ ಹಗ್ಗ ಹಿಡಿಯುವುದಿಲ್ಲ.

ಒಂದೇ ಸುತ್ತಿನ ಹಗ್ಗ, ಕ್ಲೂ ಸೆಳೆಯುವ ಹಗ್ಗ

ಹಾಯಿ ಮೇಲಿದ್ದಾಗ ಹಾಲ್ಯಾರ್ಡ್‌ನ ಉದ್ದ ಬಾಲ ಕಾಕ್‌ಪಿಟ್‌ನಲ್ಲಿ ಬಿದ್ದಿರುತ್ತದೆ, ಡೌನ್‌ಹಾಲ್ ಪೂರ್ತಿ ಹೊರಗಿರುತ್ತದೆ. ಇಳಿಸಿದಾಗ ಇದು ತಿರುವುಮುರುವು. ಹಾಗಾದರೆ ಎರಡರ ಬಾಲವನ್ನೂ ಸೇರಿಸಿ ಗಂಟು ಹಾಕಿದರೆ? ಒಂದೇ ಸುತ್ತು. ಕಾಕ್‌ಪಿಟ್ ಖಾಲಿ, ಹಾಲ್ಯಾರ್ಡ್ ಕೈತಪ್ಪಿ ಓಡುವ ಭಯವೂ ಇಲ್ಲ. ಚೆನ್ನಾಗಿರುವ ಉಪಾಯ, ನಾನು ಒಪ್ಪುತ್ತೇನೆ. ಆದರೆ ಸುತ್ತಿನಲ್ಲಿ ಒಂದೆರಡು ಮೀಟರ್ ಸಡಿಲ ಬಿಟ್ಟಿರಬೇಕು, ಮತ್ತು ಬಿಚ್ಚಲು ಬರುವ ಗಂಟೇ ಹಾಕಬೇಕು. ಮಾಸ್ಟ್ ಮಲಗಿಸುವ ದಿನ ಅದನ್ನು ಬಿಚ್ಚಲೇಬೇಕಾಗುತ್ತದೆ.

ಇನ್ನೊಂದು ಜೋಡಣೆಯಲ್ಲಿ ಹಗ್ಗ ಶುರುವಾಗುವುದು ಜಿಬ್‌ನ ಹಿಂದಿನ ಮೂಲೆ, ಅಂದರೆ ಕ್ಲೂನಲ್ಲಿ. ಅಲ್ಲಿಂದ ತಲೆಯಲ್ಲಿರುವ ಉಂಗುರಕ್ಕೆ ಏರಿ, ಆಮೇಲೆ ಎಂದಿನಂತೆ ಕೆಳಗೆ ಬರುತ್ತದೆ. ಹಾಲ್ಯಾರ್ಡ್, ಶೀಟ್ (ಕ್ಲೂ ಹಿಡಿದು ಹಾಯಿ ಬಿಗಿಸುವ ಹಗ್ಗ) ಎರಡೂ ಸಡಿಲಿಸಿ ಎಳೆದರೆ ತಲೆ ಇಳಿಯುತ್ತಲೇ ಕ್ಲೂ ಕೂಡ ಮುಂದಕ್ಕೆ ಸೆಳೆದುಕೊಂಡು ಹಾಯಿ ಮುದುಡುತ್ತದೆ. ಮಾಸ್ಟ್ ದಾಟಿ ಹಿಂದೆ ಬರುವ ದೊಡ್ಡ ಜಿನೋವಾ ಹಾಯಿಯನ್ನು ಒಬ್ಬರೇ ನಿಭಾಯಿಸುವವರಿಗೆ ಇದು ಯೋಚಿಸಬಹುದಾದ್ದು. ಸಣ್ಣ ಜಿಬ್‌ಗೆ ಬೇಡ. ಹಿಂದಿನ ಅಂಚಿನ ಉದ್ದಕ್ಕೂ ಒಂದು ಹಗ್ಗ ಬಡಿಯುತ್ತಿರುತ್ತದೆ, ಸ್ವಲ್ಪ ಬಿಗಿಯಾದರೂ ಆ ಅಂಚು ಒಳಕ್ಕೆ ಮಡಚಿಕೊಂಡು ಹಾಯಿಯ ಆಕಾರ ಕೆಡುತ್ತದೆ. ಹಾಯಿ ಇಳಿದ ತಕ್ಷಣ ಶೀಟ್ ಬಿಗಿ ಎಳೆದರೆ ಕ್ಲೂ ಹೇಗೂ ಸುಮ್ಮನಾಗುತ್ತದೆ.

ಇಳಿಸುವ ಕ್ರಮ

ಜೋಡಣೆ ಯಾವುದೇ ಇರಲಿ, ಕೆಲಸ ಮಾಡುವುದು ಕ್ರಮ ಸರಿ ಇದ್ದರೆ ಮಾತ್ರ. ಎದುರಿಗೆ ಜಾಗವಿದ್ದರೆ ಗಾಳಿಗೆ ಬೆನ್ನು ಕೊಡುವಂತೆ ದೋಣಿ ತಿರುಗಿಸಿ. ಜಿಬ್ ಮೇನ್ ಹಾಯಿಯ ಮರೆಗೆ ಬಂದು ಸತ್ತಂತೆ ತೂಗುತ್ತದೆ, ಡೆಕ್ ಮೇಲೇ ಬೀಳುತ್ತದೆ. ಗಾಳಿಗೆ ಮುಖ ಮಾಡಿದರೂ ಇಳಿಯುತ್ತದೆ, ಆದರೆ ಅಲ್ಲಿಯವರೆಗೆ ಹಾಯಿ ಮತ್ತು ಶೀಟ್ ಚಾಟಿಯಂತೆ ಬಡಿಯುತ್ತವೆ. ಜಾಗ ಕಡಿಮೆ ಇದ್ದರೆ, ದಡಕ್ಕೆ ಬರುತ್ತಿದ್ದರೆ ಅದೇ ಗತಿ.

ಹಾಲ್ಯಾರ್ಡ್ ಮೊದಲೇ ಬಿಡಿಸಿ, ಗೋಜಲಿಲ್ಲದಂತೆ ಕೆಳಗೆ ಹಾಕಿಕೊಂಡಿರಿ. ತುದಿಯಲ್ಲಿ ಎಂಟರ ಆಕಾರದ ಗಂಟು ಇರಲಿ. ಶೀಟ್ ಅಷ್ಟಿಷ್ಟು ಬಿಗಿ ಇರಲಿ. ಹಾಲ್ಯಾರ್ಡನ್ನು ಒಮ್ಮೆಗೇ ಬಿಡದೆ ಕೈಯಲ್ಲಿ ಸ್ವಲ್ಪ ತಡೆ ಹಿಡಿದು ಬಿಡಿ. ಪೂರ್ತಿ ಸಡಿಲವಾದ ಹಾಲ್ಯಾರ್ಡ್ ಗಾಳಿಗೆ ಹಾರಿ ಮಾಸ್ಟ್‌ನ ಅಡ್ಡತೋಳಿಗೆ ಸುತ್ತಿಕೊಳ್ಳುತ್ತದೆ. ಡೌನ್‌ಹಾಲ್ ಉದ್ದುದ್ದ ಎಳೆತಗಳಲ್ಲಿ ಬರಲಿ. ನಡುವೆ ಕಚ್ಚಿದರೆ ಬಲ ಹಾಕಬೇಡಿ. ಹಾಲ್ಯಾರ್ಡನ್ನು ಒಂದು ಮೊಳ ಮೇಲೆ ಎಳೆದು ಮತ್ತೆ ಬಿಟ್ಟರೆ ಓರೆಯಾದ ಹ್ಯಾಂಕ್ ನೇರವಾಗುತ್ತದೆ. ಹಾಯಿ ಪೂರ್ತಿ ಕೆಳಗೆ ಬಂದ ಮೇಲೆ ಡೌನ್‌ಹಾಲ್ ಕ್ಲೀಟ್‌ಗೆ, ಹಾಲ್ಯಾರ್ಡ್‌ನ ಸಡಿಲ ಒಳಗೆ, ಎರಡೂ ಶೀಟ್ ಬಿಗಿ. ಕ್ಲೂ ಡೆಕ್ ನಡುವೆ ಕೂರುತ್ತದೆ.

ಇಳಿದ ಹಾಯಿ ಪಕ್ಕದಿಂದ ನೀರಿಗೆ ಜಾರುತ್ತಿದ್ದರೆ ಅದು ಡೌನ್‌ಹಾಲ್‌ನ ತಪ್ಪಲ್ಲ. ಮೂತಿಯ ಕಂಬಿ ಮತ್ತು ಡೆಕ್ ಅಂಚಿನ ನಡುವೆ ತೆಳು ಹಗ್ಗವನ್ನು ಅಡ್ಡಡ್ಡ ಹೆಣೆದರೆ ನಿಲ್ಲುತ್ತದೆ.

ಹಗ್ಗ ಎಷ್ಟು, ಯಾವುದು

4 ಮಿ.ಮೀ. ಹಗ್ಗ ಕೈ ಕೊಯ್ಯುತ್ತದೆ. 6 ಮಿ.ಮೀ. ಹಿಡಿಯಲು ಚೆನ್ನಾಗಿದೆ, ಆದರೆ ಸಣ್ಣ ಹ್ಯಾಂಕ್ ಬಾಯಲ್ಲಿ ತಂತಿಯ ಜೊತೆ ಇಕ್ಕಟ್ಟು. 5 ಸರಿ. ಮಾಮೂಲಿ ಹೆಣೆದ ಪಾಲಿಯೆಸ್ಟರ್ ಸಾಕು. ಹಿಗ್ಗದ ದುಬಾರಿ ಡೈನೀಮಾ ಇಲ್ಲಿ ದಂಡ. ಪಾಲಿಪ್ರೊಪಿಲೀನ್ ಹಗುರ, ನೀರಲ್ಲಿ ತೇಲುತ್ತದೆ, ಆದರೆ ಬಿಸಿಲಿಗೆ ಬೇಗ ಹಾಳಾಗುತ್ತದೆ.

ಉದ್ದದ ಲೆಕ್ಕ ಹೀಗೆ: ಜಿಬ್‌ನ ಮುಂದಿನ ಅಂಚಿನ ಉದ್ದ, ಮೂತಿಯ ರಾಟೆಯಿಂದ ಕ್ಲೀಟ್‌ವರೆಗಿನ ದಾರಿ, ಜೊತೆಗೆ ಹಿಡಿಯಲು 1 ಮೀಟರ್. ಅಂಚು 7 ಮೀಟರ್, ದಾರಿ 4.5 ಮೀಟರ್ ಆದರೆ 12.5 ಮೀಟರ್. 13 ಕೊಳ್ಳಿ, ಗಂಟಿಗೂ ಬೇಕಲ್ಲ. ಕ್ಲೂ ಸೆಳೆಯುವ ಜೋಡಣೆಗೆ ಹಿಂದಿನ ಅಂಚಿನ ಉದ್ದವನ್ನೂ ಕೂಡಿಸಿ. ಎರಡು ಜಿಬ್ ಇದ್ದರೆ ಉದ್ದನೆಯದಕ್ಕೇ ಅಳೆಯಿರಿ. ಕತ್ತರಿಸುವ ಮುಂಚೆ ಗಾಳಿಯಿಲ್ಲದ ಹೊತ್ತಿನಲ್ಲಿ, ದೋಣಿ ಕಟ್ಟಿದ ಜಾಗದಲ್ಲೇ ಹಾಯಿ ಪೂರ್ತಿ ಏರಿಸಿ ಹಾಲ್ಯಾರ್ಡ್ ಬಿಗಿ ಮಾಡಿ. ಆಗಲೂ ಡೌನ್‌ಹಾಲ್‌ನಲ್ಲಿ ಎರಡು ಗೇಣು ಸಡಿಲ ಉಳಿದಿರಬೇಕು. ಅದಾದ ಮೇಲೆ ಕತ್ತರಿಸಿ ತುದಿ ಸುಟ್ಟು ಗಂಟು ಹಾಕಿ.